ವಿಮಾನ ಹತ್ತಿದ ನಾಯಿ, ಕೆಳಗೆ ನಿಂತ ನಾವು

ನಮ್ಮ ಕೇರಿಯ ಹುಡುಗನೊಬ್ಬ ಒಂದು ದೊಡ್ಡ ವಿಮಾನ ನಿಲ್ದಾಣದಲ್ಲಿ ಸಾಮಾನು ಹೊರುವ ಕೆಲಸಕ್ಕಿದ್ದಾನೆ. ಲೋಡರ್ ಅಂತಾರೆ. ಹಬ್ಬಕ್ಕೆ ಊರಿಗೆ ಬಂದವನು ಶಾಲೆ ಜಗುಲಿ ಮೇಲೆ ನಮ್ಮ ಜೊತೆ ಕೂತಿದ್ದ. ನಾವು ಅಂದ್ರೆ ಇಬ್ಬರು ಮೇಷ್ಟ್ರು, ಹಾಸ್ಟೆಲಿನ ನಾಲ್ಕು ಜನ ವಿದ್ಯಾರ್ಥಿಗಳು, ಸಂಘಟನೆಯ ಒಬ್ಬಿಬ್ಬರು. ಕೆಲಸ ಹೆಂಗಿದೆಯಪ್ಪಾ ಅಂದಿದ್ದಕ್ಕೆ ಅವನು, 'ಮೊನ್ನೆ ಒಂದು ನಾಯಿನ ಜರ್ಮನಿಗೆ ಹತ್ತಿಸಿದ್ವಿ' ಅಂದ.

ಪೆಟ್ಟಿಗೆ ಮೇಲೆ ಅದರ ಹೆಸರು ಬರೆದಿತ್ತಂತೆ. ಕೊನೇ ಸಲ ಊಟ ಕೊಟ್ಟಿದ್ದು ಯಾವಾಗ, ನೀರು ಕೊಟ್ಟಿದ್ದು ಯಾವಾಗ ಅಂತ ಬರೆದಿತ್ತಂತೆ. ಒಳಗೆ ಜೀವ ಇದೆ, ಯಾವ ಮಗ್ಗುಲು ಮೇಲಿರಬೇಕು ಅನ್ನೋ ಚೀಟಿ ಅಂಟಿಸಿತ್ತಂತೆ. ನಮ್ಮಲ್ಲೊಬ್ಬರು ತಡೀಲಾರದೆ, 'ನಮ್ಮಪ್ಪ ಬೆಂಗಳೂರು ನೋಡ್ದೆ ಸತ್ತ, ನಾಯಿ ಜರ್ಮನಿ ನೋಡ್ತು' ಅಂದ್ರು. ಎಲ್ಲರೂ ನಕ್ಕೆವು. ಹುಡುಗ ನಗಲಿಲ್ಲ.

'ನಗ್ಬೇಡಿ ಮೇಷ್ಟ್ರೇ. ಅದು ಗಡಗಡ ನಡುಗ್ತಿತ್ತು. ಹೆಸರು ಹಿಡಿದು ಕರೆದೆ. ಜಾಲರಿ ಒಳಗಿಂದ ನನ್ನ ಬೆರಳು ನೆಕ್ತು.'

ನಮ್ಮ ನಗು ಅಲ್ಲಿಗೆ ನಿಂತಿತು. ಅವತ್ತು ರಾತ್ರಿ ಶುರುವಾದ ಚರ್ಚೆ ಇನ್ನೂ ಮುಗಿದಿಲ್ಲ. ನಾವು ನಕ್ಕಿದ್ದು ಸರಿಯೇ? ನಾಯಿ ವಿಮಾನ ಹತ್ತೋದು ಅನ್ಯಾಯವೇ? ಅನ್ಯಾಯ ಅನ್ನೋದಾದರೆ ಅದನ್ನು ಮಾಡಿದವರು ಯಾರು? ಸಣ್ಣ ಪ್ರಶ್ನೆ ಅಂತ ಕೆಲವರಿಗೆ ಅನ್ನಿಸಬಹುದು. ಬೆಲೆ ಏರಿಕೆ, ಭೂಮಿ, ಮೀಸಲಾತಿ ಬಿಟ್ಟು ಇವರಿಗೆ ನಾಯಿ ಯಾಕೆ ಬೇಕು ಅನ್ನಬಹುದು. ಆದರೆ ನಾಯಿಯ ಪಕ್ಕದಲ್ಲಿ ನಿಲ್ಲಿಸಿಯೇ ನಮ್ಮನ್ನು ಸಾವಿರಾರು ವರ್ಷ ಅಳೆದಿದ್ದಾರೆ. ಹಾಗಾಗಿ ಈ ಪ್ರಶ್ನೆ ನಮ್ಮದೇ.

*

ಮೊದಲು ಆ ನಾಯಿಯ ಕಾಗದಪತ್ರ ನೋಡೋಣ.

ಇಲ್ಲಿಂದ ಯೂರೋಪಿಗೆ ನಾಯಿ ಹೋಗಬೇಕಾದರೆ ಅದರ ಚರ್ಮದಡಿ ಅಕ್ಕಿಕಾಳಿನಷ್ಟು ದಪ್ಪದ ಒಂದು ಚಿಪ್ ಇರಬೇಕು. ಆ ಚಿಪ್ಪಿನ ನಂಬರೇ ಅದರ ಗುರುತು. ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಬೇಕು. ಹಾಕಿಸಿ 30 ದಿನ ಆದ ಮೇಲೆ ರಕ್ತ ತೆಗೆದು, ಮದ್ದು ಹತ್ತಿದೆಯೋ ಇಲ್ಲವೋ ಅಂತ ಅವರು ಒಪ್ಪಿದ ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಿಸಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಹೊರಡುವ ಮುಂಚೆ ಸರ್ಕಾರಿ ಪಶುವೈದ್ಯರ ಸರ್ಟಿಫಿಕೇಟು. ಪುಟ್ಟ ನಾಯಿಯಾದರೆ ಕೆಲವು ವಿಮಾನಗಳಲ್ಲಿ ಚೀಲದ ಸಮೇತ ತೂಕ ಹಾಕಿ, ಸಾಕಿದವರ ಕಾಲ ಬಳಿ ಇಟ್ಟುಕೊಳ್ಳೋಕೆ ಬಿಡ್ತಾರೆ. ದೊಡ್ಡದಾದರೆ ಪೆಟ್ಟಿಗೆಯಲ್ಲಿ, ವಿಮಾನದ ಹೊಟ್ಟೆಯಲ್ಲಿ. ಆ ಪೆಟ್ಟಿಗೆಗೂ ಕಾನೂನಿದೆ. ಒಳಗಿರೋ ಪ್ರಾಣಿ ತಲೆ ತಗುಲದಂತೆ ನಿಲ್ಲಬೇಕು, ಸುತ್ತ ತಿರುಗಬೇಕು, ಕಾಲು ಚಾಚಿ ಮಲಗಬೇಕು. ಗಾಳಿ ಆಡಬೇಕು.

ನಿಲ್ಲೋಕೆ, ತಿರುಗೋಕೆ, ಕಾಲು ಚಾಚಿ ಮಲಗೋಕೆ ಜಾಗ! ಇದನ್ನು ಓದಿ ಹೇಳಿದಾಗ ಹಾಸ್ಟೆಲಿನ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದು ಕೋಣೆಗೆ ಹದಿನಾಲ್ಕು ಟ್ರಂಕು, ಹದಿನಾಲ್ಕು ಹಾಸಿಗೆ ಸುರುಳಿ. ಕಾಲು ಚಾಚಿದರೆ ಪಕ್ಕದವನ ಪುಸ್ತಕಕ್ಕೆ ತಗುಲುತ್ತೆ.

ನಮಗೆ ಮತ್ತೆ ನಗು ಬರಬೇಕಿತ್ತು. ಬರಲಿಲ್ಲ. ಈ ಕಾನೂನು ನಾಯಿಗೆ ಇರೋದು ತಪ್ಪು ಅಂತ ಯಾವ ಬಾಯಲ್ಲಿ ಹೇಳೋದು? ಮೂಕಪ್ರಾಣಿ ಉಸಿರುಕಟ್ಟಿ ಸಾಯದಿರಲಿ ಅಂತ ಯಾರೋ ಕೂತು ಯೋಚನೆ ಮಾಡಿದ್ದಾರೆ. ಒಳ್ಳೇದೇ ಆಯಿತು. ನಮ್ಮ ಹುಡುಗರ ಕೋಣೆ ಬಗ್ಗೆ ಯಾಕೆ ಯಾರೂ ಕೂತು ಯೋಚನೆ ಮಾಡಲಿಲ್ಲ ಅನ್ನೋದು ನಮ್ಮ ಪ್ರಶ್ನೆ. ನಾಯಿಯ ಪೆಟ್ಟಿಗೆ ಚಿಕ್ಕದು ಮಾಡಿದರೆ ಹಾಸ್ಟೆಲಿನ ಕೋಣೆ ದೊಡ್ಡದಾಗೋದಿಲ್ಲ.

ಇನ್ನೊಂದು ಮಾತು. ನಾಯಿಯನ್ನು ಬಿಟ್ಟು ಹೋಗಲಾರದ ಪ್ರೀತಿ ದುಡ್ಡಿದ್ದವರ ಸೊತ್ತು ಅನ್ನೋ ಹಾಗೆ ನಾವು ಮಾತಾಡ್ತೀವಿ. ಅದು ಸುಳ್ಳು. ಕೂಲಿಗೆ ಅಂತ ಕೇರಿಯಿಂದ ಒಂದು ಸಂಸಾರ ಬೆಂಗಳೂರಿಗೆ ಹೊರಟದ್ದು ನಮಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಟೆಂಪೋದಲ್ಲಿ ಪಾತ್ರೆ, ಚಾಪೆ, ಸೌದೆ, ಎರಡು ಮಕ್ಕಳು, ಒಂದು ಮುದುಕಿ. ಮನೇಲಿ ಬೆಳೆದ ಕರಿಯನಾಯಿ ಹತ್ತೋಕೆ ಬಂತು. ಡ್ರೈವರ್ ಒಪ್ಪಲಿಲ್ಲ. ಅದು ಟೆಂಪೋ ಹಿಂದೆ ಕೆರೆ ಏರಿ ತನಕ ಓಡಿ ಬಂತು. ಮುದುಕಿ ಹಿಂದಕ್ಕೆ ತಿರುಗಿ ಕೂತು, ಅದು ಚುಕ್ಕಿಯಾಗೋ ತನಕ ನೋಡ್ತಾ ಇದ್ದಳು. ಮುದ್ದೆಯ ಮೊದಲ ತುತ್ತನ್ನು ದಿನಾ ಅದಕ್ಕೆ ಹಾಕಿದ ಕೈ ಅದು. ಆ ಮುದುಕಿಗೂ ಜರ್ಮನಿಗೆ ಹೊರಟವರಿಗೂ ನಾಯಿ ಮೇಲಿನ ಪ್ರೀತಿಯಲ್ಲಿ ಫರಕಿಲ್ಲ. ಒಬ್ಬರ ಪ್ರೀತಿಗೆ ರಸೀದಿ ಸಿಗುತ್ತೆ, ಇನ್ನೊಬ್ಬರದು ಧೂಳಲ್ಲಿ ಉಳಿಯುತ್ತೆ.

*

ಹಾಗಿದ್ದರೂ ನಾವು ನಕ್ಕೆವಲ್ಲ, ಯಾಕೆ? ಆ ನಗೆಯೊಳಗೆ ಒಂದು ಹಳೇ ಗಾಯ ಇದೆ.

ಮನುಸ್ಮೃತಿಯ ಹತ್ತನೇ ಅಧ್ಯಾಯ ಚಂಡಾಲರು ಊರ ಹೊರಗಿರಬೇಕು ಅನ್ನುತ್ತೆ. ಅವರ ಆಸ್ತಿ ಏನಿರಬೇಕು ಅಂತಲೂ ಹೇಳುತ್ತೆ: ನಾಯಿ ಮತ್ತು ಕತ್ತೆ. ನಮಗೆ ಶ್ವಪಚ ಅಂತ ಹೆಸರಿಟ್ಟರು. ನಾಯಿ ಬೇಯಿಸಿ ತಿನ್ನೋರು ಅಂತ ಅರ್ಥ. ಭೂಮಿ, ಚಿನ್ನ, ವಿದ್ಯೆ ಎಲ್ಲಾ ಬೇರೆಯವರಿಗೆ ಹಂಚಿದ ಮೇಲೆ ನಮ್ಮ ಪಾಲಿಗೆ ನಾಯಿ ಬಂತು. ನಾಯಿಯನ್ನೂ ನಮ್ಮನ್ನೂ ಒಂದೇ ಬೇಲಿಯ ಆಚೆಗೆ ಹಾಕಿದರು.

ಆಮೇಲೆ ಬೇಲಿಯ ಆಚೆಗೂ ಮೇಲು ಕೀಳು ಮಾಡಿದರು. ಮಹಾಡದ ಚವದಾರ್ ಕೆರೆಯಲ್ಲಿ ದನ, ನಾಯಿ ನೀರು ಕುಡೀಬಹುದಿತ್ತು, ಅಸ್ಪೃಶ್ಯರು ಕುಡಿಯೋ ಹಾಗಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋಗಿ ಆ ನೀರು ಮುಟ್ಟಿದರು. 1931ರ ಆಗಸ್ಟಿನಲ್ಲಿ ಮುಂಬೈನ ಮಣಿಭವನದಲ್ಲಿ ಗಾಂಧೀಜಿಯವರನ್ನು ಮೊದಲ ಸಲ ಕಂಡಾಗ, ನಾಯಿ ಬೆಕ್ಕಿಗಿಂತ ಕಡೆಯಾಗಿ ನಮ್ಮನ್ನು ಕಾಣುವ ಈ ನೆಲವನ್ನು ನನ್ನ ತಾಯ್ನಾಡು ಅಂತ ಹೇಗೆ ಕರೆಯಲಿ ಅನ್ನೋ ಅರ್ಥದ ಮಾತು ಹೇಳಿದರು. ಆ ಮಾತಿನ ಉರಿ ನಮ್ಮೊಳಗೆ ಇನ್ನೂ ಆರಿಲ್ಲ. ನಾಯಿಗೆ ಸೀಟು ಅಂತ ಕೇಳಿದ ಕೂಡಲೇ ಆ ಉರಿ ನಗೆಯಾಗಿ ಹೊರಗೆ ಬರುತ್ತೆ.

ಆದರೆ ಗೆಳೆಯರೇ, ಇಲ್ಲೊಂದು ಮೋಸ ಇದೆ, ಹುಷಾರಾಗಿರಬೇಕು. ಜಾತಿ ಅನ್ನೋದು ಮೆಟ್ಟಿಲಿನ ವ್ಯವಸ್ಥೆ, ಶ್ರೇಣೀಕೃತ ಅಸಮಾನತೆ ಅಂತ ಬಾಬಾಸಾಹೇಬರು ತೋರಿಸಿಕೊಟ್ಟರು. ಮೇಲೆ ಹೋದಷ್ಟೂ ಗೌರವ, ಕೆಳಗೆ ಇಳಿದಷ್ಟೂ ತಿರಸ್ಕಾರ. ಪ್ರತಿ ಮೆಟ್ಟಿಲಿನವನಿಗೂ ತುಳಿಯೋಕೆ ಕೆಳಗೊಬ್ಬ ಇದ್ದಾನೆ ಅನ್ನೋ ಸಮಾಧಾನ ಕೊಟ್ಟು ಈ ಏಣಿ ನಿಂತಿದೆ. ಕಡೇ ಮೆಟ್ಟಿಲಿನವನಿಗೆ ಕೆಳಗೆ ಮನುಷ್ಯರು ಉಳಿದಿಲ್ಲ. ಅವನಿಗೆ ನಾಯಿ ಕೊಟ್ಟಿದ್ದಾರೆ. 'ನಾಯಿಗಿಂತ ಕಡೆ ಮಾಡಿದರು' ಅಂತ ನಾವು ಕೂಗುವಾಗ, ನಾಯಿಯ ಜಾಗ ಕಡೆಯದು ಅಂತ ಒಪ್ಪಿಕೊಂಡೇ ಕೂಗ್ತಿರ್ತೀವಿ. ನಾಯಿ ಮೇಲೆ ಹೋದರೆ ನಮಗೆ ಹೊಟ್ಟೆ ಉರಿಯೋದು ಏಣಿ ನಮ್ಮ ತಲೆಯೊಳಗೂ ನಿಂತಿರೋದರಿಂದ. ಮೇಲಿನ ಮೆಟ್ಟಿಲಿನವನು ನಮ್ಮ ಹುಡುಗನೊಬ್ಬ ಆಫೀಸರ್ ಆದ ದಿನ ನಗೋದೂ ಇದೇ ನಗು. ಆ ನಗುವನ್ನು ನಾವು ಚೆನ್ನಾಗಿ ಬಲ್ಲೆವು. ಅದನ್ನೇ ನಾಯಿ ಮೇಲೆ ತಿರುಗಿಸಿದರೆ ನಾವು ಏಣಿ ಕಾಯೋ ಕೂಲಿಗಳಾಗ್ತೀವಿ.

ಬಂಡಾಯ ಅಂದ್ರೆ ಏಣಿಯಲ್ಲಿ ಒಂದು ಮೆಟ್ಟಿಲು ಮೇಲಕ್ಕೆ ಹತ್ತೋದು ಅಂತ ಯಾರಾದ್ರೂ ತಿಳಕೊಂಡಿದ್ದರೆ, ಆ ನಾಯಿಯ ಮುಂದೆ ನಿಂತು ಒಂದು ಸಲ ಯೋಚನೆ ಮಾಡಲಿ.

*

ನಾಯಿ ಜೊತೆ ಆಕಾಶಯಾನ ಅನ್ನೋದು ಹೊಸ ವಿಷಯ ಏನಲ್ಲ. ಮಹಾಭಾರತದ ಕೊನೆಯಲ್ಲೇ ಬರುತ್ತೆ. ಕುಮಾರವ್ಯಾಸ ಹತ್ತೇ ಪರ್ವಕ್ಕೆ ನಿಲ್ಲಿಸಿದ, ಅಲ್ಲಿಯ ತನಕ ಹೋಗಲಿಲ್ಲ. ಆದರೂ ಹರಿಕಥೆಯಲ್ಲಿ, ಶಾಲೆಯ ನೀತಿಪಾಠದಲ್ಲಿ ಈ ಕಥೆ ಕೇಳದವರಿಲ್ಲ. ಪಾಂಡವರು ಎಲ್ಲಾ ಬಿಟ್ಟು ಹೊರಟಾಗ ಒಂದು ನಾಯಿ ಹಿಂದೆ ಬರುತ್ತೆ. ದ್ರೌಪದಿ ಬೀಳ್ತಾಳೆ, ಸಹದೇವ, ನಕುಲ, ಅರ್ಜುನ, ಭೀಮ ಒಬ್ಬೊಬ್ಬರಾಗಿ ಬೀಳ್ತಾರೆ. ಧರ್ಮರಾಯ ತಿರುಗಿ ನೋಡೋದಿಲ್ಲ. ಕೊನೆಗೆ ಇಂದ್ರ ರಥ ತರ್ತಾನೆ. ನೀನು ಬಾ, ನಾಯಿ ಬೇಡ ಅಂತಾನೆ. ನಾಯಿ ಇಟ್ಟುಕೊಂಡವರಿಗೆ ಸ್ವರ್ಗದಲ್ಲಿ ಜಾಗ ಇಲ್ಲ, ನಾಯಿ ನೋಡಿದರೆ ಯಜ್ಞದ ಫಲ ಕೆಡುತ್ತೆ ಅಂತಾನೆ. ಮಡಿ! ಸ್ವರ್ಗದ ಬಾಗಿಲಲ್ಲೂ ಮಡಿಯ ಕಾನೂನು. ಧರ್ಮರಾಯ ಒಪ್ಪೋದಿಲ್ಲ. ನಂಬಿ ಬಂದ ಜೀವವನ್ನು ಕೈಬಿಡೋದು ಮಹಾಪಾಪ, ನಾಯಿ ಇಲ್ಲದಿದ್ದರೆ ನನಗೆ ಸ್ವರ್ಗವೂ ಬೇಡ ಅಂತಾನೆ.

ದೊಡ್ಡ ಮಾತು. ಯಾರು ಹೇಳಿದರೂ ದೊಡ್ಡ ಮಾತೇ. ನಾವು ಅದಕ್ಕೆ ತಲೆಬಾಗ್ತೀವಿ.

ಆಮೇಲೆ ಇಂದ್ರ ಒಂದು ಒಳ್ಳೇ ಪ್ರಶ್ನೆ ಕೇಳ್ತಾನೆ. ತಮ್ಮಂದಿರನ್ನ, ಹೆಂಡತಿಯನ್ನ ದಾರೀಲಿ ಬಿಟ್ಟು ಬಂದೆಯಲ್ಲ, ನಾಯಿ ಬಿಡೋಕೆ ಏನು? ಧರ್ಮರಾಯ ಹೇಳ್ತಾನೆ: ಅವರು ಸತ್ತ ಮೇಲೆ ಬಿಟ್ಟೆ, ಬದುಕಿದ್ದಾಗ ಬಿಡಲಿಲ್ಲ.

ಇಲ್ಲಿ ನಾವು ಕೈ ಎತ್ತಬೇಕಾಗುತ್ತೆ. ಸ್ವಾಮೀ, ಅರಗಿನ ಮನೆ ಮರೆತು ಹೋಯಿತೇ? ಆ ರಾತ್ರಿ ಕುಂತಿ ಹಾಕಿದ ಊಟಕ್ಕೆ ಒಬ್ಬಳು ಬೇಡರ ಹೆಂಗಸು ಐದು ಮಕ್ಕಳ ಜೊತೆ ಬಂದಿದ್ದಳು. ಉಂಡು, ಕುಡಿದು, ಮಕ್ಕಳ ಸಮೇತ ಅಲ್ಲೇ ಮಲಗಿದಳು. ಆರು ಜನರನ್ನು ಇಲ್ಲಿರಿಸಿ, ಮನೆಗೆ ಬೆಂಕಿಯಿಟ್ಟು, ಯಾರಿಗೂ ಕಾಣದಂತೆ ಹೋಗೋಣ ಅನ್ನೋ ಉಪಾಯ ಧರ್ಮರಾಯನ ಬಾಯಿಂದಲೇ ಬಂದಿತ್ತು. ಭೀಮ ಬೆಂಕಿ ಇಟ್ಟ. ಬೆಳಗ್ಗೆ ಸಿಕ್ಕ ಆರು ಹೆಣ ನೋಡಿ ಊರು ಪಾಂಡವರು ಸತ್ತರು ಅಂತ ಅತ್ತಿತು. ಆ ಆರು ಜನ ಬದುಕಿದ್ದರು. ನಂಬಿಯೇ ಬಂದಿದ್ದರು. ಉಂಡ ಮನೆಯಲ್ಲೇ ಮಲಗಿದ್ದರು. ಅವಳ ಹೆಸರೂ ಕಥೆಯಲ್ಲಿಲ್ಲ, ಮಕ್ಕಳ ಹೆಸರೂ ಇಲ್ಲ.

ಇನ್ನೊಂದು ನಾಯಿ ಇದೆ. ಪಾಂಡವರು ಬೇಟೆಗೆ ಹೋದಾಗ ಅವರ ನಾಯಿ ಕಾಡಲ್ಲಿ ಏಕಲವ್ಯನನ್ನು ಕಂಡು ಬೊಗಳಿತು. ಕಪ್ಪು ಮೈ, ಧೂಳು, ಜಡೆ, ಜಿಂಕೆ ಚರ್ಮ. ಏಕಲವ್ಯ ಏಳು ಬಾಣದಲ್ಲಿ ಅದರ ಬಾಯಿ ಮುಚ್ಚಿದ. ಆ ನಾಯಿ ವಾಪಸ್ ಹೋಗಿ ತೋರಿಸಿದ್ದರಿಂದಲೇ ಏಕಲವ್ಯನ ವಿದ್ಯೆ ಬಯಲಾಯಿತು, ಹೆಬ್ಬೆರಳು ಹೋಯಿತು. ನಾಯಿಯ ತಪ್ಪೇನು? ಯಾರನ್ನು ಕಂಡರೆ ಬೊಗಳಬೇಕು ಅಂತ ಸಾಕಿದವರು ಕಲಿಸಿರ್ತಾರೆ.

ಮಹಾಭಾರತದ ಆರಂಭದಲ್ಲೂ ನಾಯಿಯೇ. ಜನಮೇಜಯನ ಯಜ್ಞದ ಹತ್ತಿರ ಸುಳಿದ ಸರಮೆಯ ಮರಿಯನ್ನು ಅವನ ತಮ್ಮಂದಿರು ಹೊಡೀತಾರೆ. ಅದು ಹವಿಸ್ಸನ್ನು ನೆಕ್ಕಿರಲಿಲ್ಲ, ನೋಡಿರಲೂ ಇಲ್ಲ. ತಾಯಿನಾಯಿ ಬಂದು ನನ್ನ ಮಗನನ್ನು ಯಾಕೆ ಹೊಡೆದಿರಿ ಅಂತ ಕೇಳುತ್ತೆ. ಅವರ ಹತ್ತಿರ ಉತ್ತರ ಇರೋದಿಲ್ಲ. ದೇವಸ್ಥಾನದ ಹತ್ತಿರ ಸುಳಿದ ತಪ್ಪಿಗೆ ಏಟು ತಿಂದ ನಮ್ಮ ಮಕ್ಕಳ ತಾಯಂದಿರು ಕೇಳಿದ್ದೂ ಇದೇ ಪ್ರಶ್ನೆ.

ಇಷ್ಟೆಲ್ಲ ಆಗಿ, ಸ್ವರ್ಗದ ಬಾಗಿಲಲ್ಲಿ ಆ ನಾಯಿ ಏನಾಗುತ್ತೆ? ವೇಷ ಕಳಚಿ ಯಮಧರ್ಮನಾಗುತ್ತೆ. ಶಂಕರಾಚಾರ್ಯರಿಗೆ ಕಾಶಿಯಲ್ಲಿ ನಾಲ್ಕು ನಾಯಿ ಹಿಡಿದು ಎದುರಾದ ಚಂಡಾಲನ ಕಥೆ ಕೇಳಿದ್ದೀರಿ. ಅವನೂ ವೇಷ ಕಳಚಿ ಶಿವನಾಗ್ತಾನೆ, ನಾಯಿಗಳು ವೇದಗಳಾಗ್ತವೆ. ನಾಯಿ ನಾಯಿಯಾಗಿಯೇ, ಚಂಡಾಲ ಚಂಡಾಲನಾಗಿಯೇ ಮರ್ಯಾದೆ ಪಡೆಯೋ ಕಥೆ ಇವರ ಹತ್ತಿರ ಇಲ್ಲ. ದೇವರಾದರೆ ಮಾತ್ರ ಒಳಗೆ. ನಮ್ಮ ಹುಡುಗನ ಬೆರಳು ನೆಕ್ಕಿದ ನಾಯಿ ನಾಯಿಯೇ ಆಗಿತ್ತು. ಅವನೂ ಯಾವ ದೇವರ ವೇಷವೂ ಅಲ್ಲ. ನಮಗೆ ಅಷ್ಟು ಸಾಕು.

*

ಹಳೇ ಕಥೆ ಬಿಡಿ, ನಮ್ಮ ಕಾಲದ ಎರಡು ಬಾಗಿಲು ನೋಡೋಣ.

2021ರ ಆಗಸ್ಟಿನಲ್ಲಿ ಕಾಬೂಲು ತಾಲಿಬಾನರ ಕೈಗೆ ಹೋಯಿತು. ವಿಮಾನ ನಿಲ್ದಾಣದ ಬಾಗಿಲಲ್ಲಿ ಜನ ಚರಂಡಿಯಲ್ಲಿ ನಿಂತು ಕಾಗದ ಎತ್ತಿ ಹಿಡಿದು ಬೇಡುತ್ತಿದ್ದರು. ಅಲ್ಲಿ ನೌಝಾದ್ ಅನ್ನೋ ಪ್ರಾಣಿದಯಾ ಸಂಸ್ಥೆ ಇತ್ತು. ಬ್ರಿಟಿಷ್ ಸೇನೆಯಲ್ಲಿದ್ದ ಒಬ್ಬರು ಕಟ್ಟಿದ್ದು. ಬೀದಿ ನಾಯಿ ಬೆಕ್ಕುಗಳನ್ನು ಸಾಕುತ್ತಿತ್ತು. ಜನ ಕೊಟ್ಟ ಚಂದಾದಲ್ಲಿ ಬಾಡಿಗೆ ವಿಮಾನ ಮಾಡಿ, ಆಗಸ್ಟ್ ಕೊನೆಯಲ್ಲಿ ಅವರು 150ಕ್ಕೂ ಹೆಚ್ಚು ನಾಯಿ ಬೆಕ್ಕುಗಳನ್ನು ಲಂಡನ್ನಿಗೆ ತಂದರು. ಆ ನಾಯಿಗಳಿಗೆ ದಿನಾ ಅನ್ನ ಹಾಕಿ, ಗೂಡು ತೊಳೆದು, ಔಷಧಿ ಹಚ್ಚಿದ ಆಫ್ಘನ್ ಕೆಲಸಗಾರರು, ಅವರ ಹೆಂಡತಿ ಮಕ್ಕಳು ಬಾಗಿಲಿಂದ ವಾಪಸ್ ಹೋದರು. ಬ್ರಿಟನ್ನಿನಲ್ಲಿ ಗದ್ದಲ ಎದ್ದಿತು. ಮನುಷ್ಯರಿಗಿಂತ ಸಾಕುಪ್ರಾಣಿಗಳಿಗೆ ಮೊದಲ ಜಾಗ ಕೊಡಲಾರೆ ಅಂತ ರಕ್ಷಣಾ ಮಂತ್ರಿ ಹೇಳಬೇಕಾಯಿತು. ಆ ಕೆಲಸಗಾರರು ಸೆಪ್ಟೆಂಬರಿನಲ್ಲಿ ಪಾಕಿಸ್ತಾನದ ಗಡಿ ದಾಟಿ, ಆಮೇಲೆ ಬ್ರಿಟನ್ ಸೇರಿದರು.

ಇಲ್ಲಿ ಆತುರಪಟ್ಟು ನಾಯಿಯನ್ನು ಬೈಯಬಾರದು. ನಾಯಿಗಳು ಹೋದದ್ದು ವಿಮಾನದ ಹೊಟ್ಟೆಯಲ್ಲಿ, ಸಾಮಾನಿಡೋ ಜಾಗದಲ್ಲಿ. ಅವು ಯಾರ ಸೀಟನ್ನೂ ಕಿತ್ತುಕೊಳ್ಳಲಿಲ್ಲ. ಅವರನ್ನು ಕರೆತಂದವರೂ ಕೆಲಸಗಾರರಿಗಾಗಿ ಓಡಾಡಿದರು. ಕೆಲಸಗಾರರನ್ನು ತಡೆದದ್ದು ನಾಯಿಯಲ್ಲ, ಬಾಗಿಲು. ಬಾಗಿಲಿಗೆ ಬಂದೂಕು ಇತ್ತು, ಕಾಗದ ಇತ್ತು. ನಾಯಿಗೆ ಕಾಗದ ಕೇಳದ ಬಾಗಿಲು ಮನುಷ್ಯನ ಕಾಗದ ಹಿಡಿದು ತಿರುಗಿಸಿ ನೋಡುತ್ತೆ.

ಆರು ತಿಂಗಳಿಗೆ ಇನ್ನೊಂದು ಬಾಗಿಲು. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ನುಗ್ಗಿತು. ಜನ ನಾಯಿ ಬೆಕ್ಕು ಎತ್ತಿಕೊಂಡು ಗಡಿಗೆ ಓಡಿದರು. ಪಕ್ಕದ ಯೂರೋಪಿನ ದೇಶಗಳು ಚಿಪ್ಪು, ರಕ್ತಪರೀಕ್ಷೆ, ಸರ್ಟಿಫಿಕೇಟು ಎಲ್ಲಾ ಪಕ್ಕಕ್ಕಿಟ್ಟು ನಾಯಿಗಳನ್ನು ಒಳಗೆ ಬಿಟ್ಟವು. ಮೂರು ತಿಂಗಳು ಕಾಯಿಸೋ ಕಾನೂನು ಮೂರು ದಿನದಲ್ಲಿ ಸಡಿಲಾಯಿತು! ಅದೇ ಗಡಿಯಲ್ಲಿ ಆಫ್ರಿಕಾದ ವಿದ್ಯಾರ್ಥಿಗಳನ್ನು ರೈಲಿನಿಂದ, ಸಾಲಿನಿಂದ ಹಿಂದಕ್ಕೆ ತಳ್ಳುತ್ತಿದ್ದರು. ಆಫ್ರಿಕಾ ಒಕ್ಕೂಟ ಫೆಬ್ರವರಿ 28ರಂದು ಇದು ಜನಾಂಗದ್ವೇಷ ಅಂತ ಬಹಿರಂಗವಾಗಿ ಹೇಳಿತು. ನಮ್ಮ ದೇಶದ ವಿದ್ಯಾರ್ಥಿಗಳೂ ಆ ಚಳಿಯಲ್ಲಿ ಏಟು ತಿಂದು ನಿಂತಿದ್ದರು.

ನಮ್ಮ ಹುಡುಗರಲ್ಲೂ ಕೆಲವರು ಧರ್ಮರಾಯನ ಹಾಗೆ ಹಟ ಹಿಡಿದರು. ಡೆಹ್ರಾಡೂನಿನ ಒಬ್ಬ ವಿದ್ಯಾರ್ಥಿ, ಬೀದಿಯಿಂದ ತಂದು ಸಾಕಿದ ನಾಯಿ ಇಲ್ಲದೆ ಬರೋದಿಲ್ಲ ಅಂತ ಬಾಂಬಿನ ನಡುವೆ ಕೂತ. ಕೇರಳದ ಒಬ್ಬ ಹುಡುಗಿ ಐದು ತಿಂಗಳ ಮರಿಯನ್ನು ಎತ್ತಿಕೊಂಡು ಗಡಿಗೆ ನಡೆದಳು. ಭಾರತ ಸರ್ಕಾರವೂ ಅಂಥವರ ಪ್ರಾಣಿಗಳಿಗೆ ನಿಯಮ ಸಡಿಲಿಸಿತು. ಆಪರೇಷನ್ ಗಂಗಾ ವಿಮಾನಗಳಲ್ಲಿ ನಾಯಿ ಬೆಕ್ಕು ಬಂದವು. ನಮಗೆ ಸಂತೋಷವೇ.

ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ನಮ್ಮ ಹಾವೇರಿ ಜಿಲ್ಲೆ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಸತ್ತ. ಪಿಯುಸಿಯಲ್ಲಿ ಶೇಕಡಾ 97 ಅಂಕ ಬಂದರೂ ಇಲ್ಲಿ ಸೀಟು ಸಿಗಲಿಲ್ಲ, ಸೀಟಿಗೆ ಕೋಟಿಗಟ್ಟಲೆ ಕೇಳ್ತಾರೆ ಅಂತ ಅವನ ತಂದೆ ಅತ್ತರು. ಹೆಣ ಯಾವಾಗ ಬರುತ್ತೆ ಅಂತ ಕೇಳಿದಾಗ ನಮ್ಮ ರಾಜ್ಯದ ಒಬ್ಬ ಶಾಸಕರು, ಹೆಣಕ್ಕೆ ವಿಮಾನದಲ್ಲಿ ಜಾಸ್ತಿ ಜಾಗ ಬೇಕು, ಆ ಜಾಗದಲ್ಲಿ ಎಂಟು ಹತ್ತು ಜನರನ್ನು ಕೂರಿಸಬಹುದು ಅಂದರು. ಮಾರ್ಚ್ 21ರಂದು ಅವನು ಪೆಟ್ಟಿಗೆಯಲ್ಲಿ ಬೆಂಗಳೂರಿಗೆ ಬಂದ. ತಂದೆ ತಾಯಿ ಮಗನ ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಬದುಕಿದ್ದಾಗ ಸೀಟು ಸಿಗದ ನಾಡಿನಲ್ಲಿ ಸತ್ತ ಮೇಲೆ ಕಾಲೇಜು ಸೇರಿದ.

ಜಾಗದ ಲೆಕ್ಕ! ಶಾಸಕರ ಮಾತು ಅಂಕಗಣಿತದಲ್ಲಿ ಸರಿ ಇರಬಹುದು. ಬದುಕಿದವರು ಮೊದಲು ಬರಲಿ ಅನ್ನೋದೂ ಸರಿಯೇ. ಆದರೆ ಮಗನ ಮುಖ ನೋಡೋಕೆ ಕಾದ ತಾಯಿಗೆ ಚದರಡಿಯ ಲೆಕ್ಕ ಹೇಳೋ ನಾಲಿಗೆ ಎಲ್ಲಿ ತಯಾರಾಗುತ್ತೆ? ಗಲ್ಫಿನಲ್ಲಿ ಸತ್ತ ಕೂಲಿಕಾರರ ಹೆಣವನ್ನು ಎಷ್ಟೋ ವರ್ಷ ತೂಕ ಹಾಕಿಯೇ ಬಾಡಿಗೆ ಹಾಕುತ್ತಿದ್ದರು. ಇಷ್ಟು ಕಿಲೋಗೆ ಇಷ್ಟು. ಜನ ಕೂಗಾಡಿದ ಮೇಲೆ 2019ರ ಜನವರಿಯಲ್ಲಿ ಏರ್ ಇಂಡಿಯಾ ತೂಕ ಬಿಟ್ಟು ಒಂದೇ ದರ ಮಾಡಿತು. ನಮ್ಮ ಹುಡುಗ ಹೇಳಿದ: ನಾಯಿ ಪೆಟ್ಟಿಗೆ, ಹೆಣದ ಪೆಟ್ಟಿಗೆ, ಮಾವಿನಹಣ್ಣಿನ ಪೆಟ್ಟಿಗೆ ಎಲ್ಲಾ ವಿಮಾನದ ಒಂದೇ ಹೊಟ್ಟೆಯಲ್ಲಿ. ಎಲ್ಲಾ ಎತ್ತೋದು ಅದೇ ಕೈಗಳು.

*

ಹಾಗಾದ್ರೆ ನಾವು ಹೇಳೋದೇನು?

ಕರುಣೆ ಅನ್ನೋದು ಪಡಿತರ ಅಂಗಡಿಯ ಅಕ್ಕಿಯಲ್ಲ, ನಾಯಿಗೆ ಅಳೆದರೆ ಮನುಷ್ಯನಿಗೆ ಕಡಿಮೆ ಆಗೋದಕ್ಕೆ. ನಾಯಿಗೆ ದಯೆ ತೋರಿಸೋದು ಬಿಟ್ಟ ಊರು ನಮಗೆ ದಯೆ ತೋರಿಸಿದ ಉದಾಹರಣೆ ಚರಿತ್ರೆಯಲ್ಲಿ ಇಲ್ಲ. ಹಾಗೆಯೇ ನಾಯಿಯನ್ನು ಪ್ರೀತಿಸಿದ ಮಾತ್ರಕ್ಕೆ ಮನುಷ್ಯ ಧರ್ಮಾತ್ಮ ಆಗೋದೂ ಇಲ್ಲ. ನಾಯಿಗೆ ಬಿಸ್ಕತ್ತು ಹಾಕಿ, ಶೌಚಗುಂಡಿ ತೊಳೆಯೋಕೆ ಬಂದವನಿಗೆ ಬೇರೆ ಲೋಟದಲ್ಲಿ ನೀರು ಕೊಡೋ ಮನೆಗಳನ್ನ ನಾವು ನೋಡಿದ್ದೀವಿ. ನಾಯಿ ಸೋಫಾ ಮೇಲೆ, ಕೆಲಸದವಳು ನೆಲದ ಮೇಲೆ.

ನಾಯಿಯ ಪ್ರೀತಿ ಸುಲಭ. ನಾಯಿ ಸಂಬಳ ಕೇಳೋದಿಲ್ಲ. ಸಂಘ ಕಟ್ಟೋದಿಲ್ಲ. ನಿಮ್ಮ ಅಪ್ಪ ನಮ್ಮಪ್ಪನನ್ನ ಯಾಕೆ ಹೊಡೆದ ಅಂತ ಕೇಳೋದಿಲ್ಲ. ಮನುಷ್ಯ ಕೇಳ್ತಾನೆ. ಕೇಳೋ ಜೀವವನ್ನು ಪ್ರೀತಿಸೋದು ಕಷ್ಟ, ಅಲ್ಲೇ ಧರ್ಮದ ಪರೀಕ್ಷೆ. ಧರ್ಮರಾಯ ನಾಯಿ ಮುಂದೆ ಪಾಸಾದ, ಬೇಡರ ಹೆಂಗಸಿನ ಮುಂದೆ ಫೇಲಾದ. ಮೊದಲನೆಯದನ್ನು ಮಾತ್ರ ಪಾಠ ಮಾಡಿ ಎರಡನೆಯದನ್ನು ಮುಚ್ಚಿಟ್ಟರು. ಮೇಷ್ಟ್ರುಗಳೇ, ಎರಡನ್ನೂ ಒಂದೇ ದಿನ ಪಾಠ ಮಾಡಿ ನೋಡಿ. ಮಕ್ಕಳು ಏನು ಕೇಳ್ತಾರೆ ಅಂತ ಕಾದು ನೋಡಿ.

ಇನ್ನೊಂದು ಘಟನೆ ಹೇಳಬೇಕು. 2018ರ ಮಾರ್ಚಿನಲ್ಲಿ ಅಮೇರಿಕಾದ ಹ್ಯೂಸ್ಟನ್ನಿನಿಂದ ನ್ಯೂಯಾರ್ಕಿಗೆ ಹೋಗುವ ವಿಮಾನದಲ್ಲಿ ಒಂದು ಸಂಸಾರ ಹತ್ತು ತಿಂಗಳ ನಾಯಿಮರಿಯನ್ನು ಚೀಲದಲ್ಲಿ ತಂದಿತ್ತು. ಟಿಕೆಟ್ಟು ಇತ್ತು, ನಿಯಮದಂತೆಯೇ ಇತ್ತು. ಚೀಲ ದಾರಿಗೆ ಅಡ್ಡ ಅಂತ ವಿಮಾನದ ಸಿಬ್ಬಂದಿ ಅದನ್ನು ತಲೆ ಮೇಲಿನ ಸಾಮಾನಿನ ಗೂಡಿಗೆ ಹಾಕಿಸಿದರು. ಒಳಗೆ ನಾಯಿ ಇದೆ ಅಂತ ಮನೆಯವರು ಹೇಳಿದರು ಅಂತ ಜೊತೆಗಿದ್ದ ಪ್ರಯಾಣಿಕರು ಆಮೇಲೆ ಸಾಕ್ಷಿ ಹೇಳಿದರು. ಸಿಬ್ಬಂದಿಗೆ ಅದು ಗೊತ್ತಾಗಿರಲಿಲ್ಲ ಅಂತ ಕಂಪನಿ ಹೇಳಿತು, ತಪ್ಪು ನಮ್ಮದು ಅಂತ ಒಪ್ಪಿಕೊಂಡಿತು. ಗೂಡಿನೊಳಗಿಂದ ಮರಿ ಸ್ವಲ್ಪ ಹೊತ್ತು ಬೊಗಳಿತು. ಆಮೇಲೆ ಸುಮ್ಮನಾಯಿತು. ಇಳಿಯುವಾಗ ತೆಗೆದು ನೋಡಿದರೆ ಸತ್ತಿತ್ತು.

ವಿಮಾನದ ತುಂಬ ಜನ ಇದ್ದರು. ಬೊಗಳಿದ್ದು ಕೇಳಿಸಿತ್ತು. ಯಾರೂ ಎದ್ದು ಆ ಬಾಗಿಲು ತೆಗೆಯಲಿಲ್ಲ. ಯೂನಿಫಾರಂ ಹೇಳಿದೆ, ಸರಿಯಿರಬೇಕು. ಸದ್ದು ನಿಂತಿದೆ, ಮಲಗಿರಬೇಕು. ಕೆಟ್ಟವರು ಯಾರೂ ಇರಲಿಲ್ಲ ಅಲ್ಲಿ. ಎಲ್ಲರೂ ಬೆಲ್ಟು ಕಟ್ಟಿಕೊಂಡು ಕೂತ ಸಭ್ಯರು.

ನಮ್ಮ ಕೇರಿಗಳ ಮೇಲೆ ಆದದ್ದೆಲ್ಲ ಹೀಗೇ ಅಲ್ಲವೇ? ಮ್ಯಾನ್‌ಹೋಲಿಗೆ ಇಳಿದವನ ಸದ್ದು ನಿಂತಾಗ ಮೇಲಿದ್ದವರು ಕೆಲಸ ನಡೀತಿದೆ ಅಂದುಕೊಂಡರು. ಹಾಸ್ಟೆಲಿನ ಕೋಣೆಯಲ್ಲಿ ಹುಡುಗನೊಬ್ಬ ಮಾತು ಬಿಟ್ಟಾಗ ಓದ್ತಿದ್ದಾನೆ ಅಂದುಕೊಂಡರು. ಕೇರಿ ತೆಪ್ಪಗಿದ್ದರೆ ಊರಲ್ಲಿ ಸೌಹಾರ್ದ ಇದೆ ಅಂತ ಪೊಲೀಸರು ವರದಿ ಬರೀತಾರೆ. ಸದ್ದು ನಿಂತದ್ದಕ್ಕೆ ನೆಮ್ಮದಿ ಅಂತ ಹೆಸರಿಡೋ ಸಮಾಜದಲ್ಲಿ ಗೂಡಿನೊಳಗಿರೋದು ನಾಯಿಯೋ ಮನುಷ್ಯನೋ ಅನ್ನೋದು ದೊಡ್ಡ ವ್ಯತ್ಯಾಸ ಮಾಡೋದಿಲ್ಲ. ಎದ್ದು ಬಾಗಿಲು ತೆಗೆಯೋನು ಒಬ್ಬ ಬೇಕು, ಯೂನಿಫಾರಮ್ಮಿಗೆ ಹೆದರದೆ.

ನಾಯಿಯ ಪ್ರೀತಿ ನಮಗೆ ಒಂದು ವಿಷಯ ರುಜುವಾತು ಮಾಡಿ ಕೊಟ್ಟಿದೆ. ಬಾಗಿಲು ತೆಗೀಬಹುದು. ಕಾನೂನು ಬಾಗುತ್ತೆ. ಮೂರು ತಿಂಗಳ ಕಾಯುವಿಕೆ ಮೂರು ದಿನಕ್ಕೆ ಇಳಿಯುತ್ತೆ. ಸಾಧ್ಯವಿಲ್ಲ, ನಿಯಮ ಇಲ್ಲ, ಹಣ ಇಲ್ಲ ಅಂತ ನಮಗೆ ಹೇಳ್ತಾ ಬಂದದ್ದೆಲ್ಲ ಮನಸ್ಸಿಲ್ಲ ಅನ್ನೋದರ ಇನ್ನೊಂದು ಹೆಸರು. ಹಾಗಾಗಿ ನಾಯಿಯನ್ನು ಇಳಿಸಿ ಅಂತ ನಾವು ಕೇಳೋದಿಲ್ಲ. ಆ ಬಾಗಿಲನ್ನು ಹಾಗೇ ತೆರೆದಿಡಿ ಅಂತ ಕೇಳ್ತೀವಿ. ನಿಲ್ಲೋಕೆ, ತಿರುಗೋಕೆ, ಕಾಲು ಚಾಚಿ ಮಲಗೋಕೆ ಜಾಗ ಅನ್ನೋ ಕಾನೂನನ್ನು ಪೆಟ್ಟಿಗೆಯಿಂದ ಹಾಸ್ಟೆಲಿಗೆ, ಕೂಲಿಕಾರರ ಶೆಡ್ಡಿಗೆ ತನ್ನಿ ಅಂತ ಕೇಳ್ತೀವಿ.

*

ಹಬ್ಬ ಮುಗಿದು ಹುಡುಗ ಹೊರಟ ದಿನ ಬಸ್‌ ಸ್ಟ್ಯಾಂಡಿನ ತನಕ ನಾವೂ ಹೋದೆವು. ಕೇರಿಯ ಎರಡು ನಾಯಿ ಅವನ ಹಿಂದೆ ಬಂದವು. ಬಸ್ಸು ಬರೋ ತನಕ ಅವನು ಅವುಗಳ ಕಿವಿ ಕೆರೀತಾ ಕೂತಿದ್ದ. ಜರ್ಮನಿ ನಾಯಿಯ ವಿಷಯ ಮತ್ತೆ ತೆಗೆದ.

'ಕಾರ್ಗೋ ಬಾಗಿಲಲ್ಲಿ ಪೆಟ್ಟಿಗೆ ಕೊಟ್ಟು ಹೋಗುವಾಗ ಆಯಮ್ಮ ಅಳ್ತಿದ್ರು ಮೇಷ್ಟ್ರೇ. ಹುಷಾರಪ್ಪಾ ಅಂದ್ರು. ನಾಯಿಗೆ ಹೇಳಿದ್ದೋ ನನಗೆ ಹೇಳಿದ್ದೋ ಗೊತ್ತಾಗಲಿಲ್ಲ.'

ಬಸ್ಸು ಬಂತು. ಅವನು ಹತ್ತಿದ. ನಾಯಿಗಳು ಸ್ವಲ್ಪ ದೂರ ಓಡಿ ನಿಂತವು. ಅವನಿಗೆ ನಮ್ಮಲ್ಲಿ ಯಾರೂ ಉತ್ತರ ಹೇಳಿರಲಿಲ್ಲ. ಆ ಮಾತು ಇಬ್ಬರಿಗೂ ಸೇರಿದ್ದು ಅಂತ ಅವನು ಅನುಮಾನ ಇಲ್ಲದೆ ನಂಬೋ ದಿನ ಬರೋ ತನಕ, ನಮ್ಮ ಜಗುಲಿಯ ಚರ್ಚೆ ಮುಗಿಯೋದಿಲ್ಲ.